ಗದ್ದೆಗೊಂದು ಚಕ್ರ, ಡಾಂಬರಿಗೊಂದು ಚಕ್ರ

ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ ಮೇಲೆ ಕೆ.ಆರ್. ನಗರದ ಸುತ್ತಮುತ್ತ ಒಂದು ನೋಟ ದಿನವೂ ಕಣ್ಣಿಗೆ ಬೀಳುತ್ತದೆ. ಗದ್ದೆ ಕಲಸಿ ಮುಗಿಸಿದ ಟ್ರ್ಯಾಕ್ಟರ್ ಏರಿ ಹತ್ತಿ ಬಂದು ಡಾಂಬರು ರಸ್ತೆಯ ಅಂಚಿಗೆ ನಿಲ್ಲುತ್ತದೆ. ಓಡಿಸುವವನು ಕೆಳಗಿಳಿದು, ಹಿಂದಿನ ಗಾಲಿಗಳ ಪಕ್ಕಕ್ಕೆ ಬಿಗಿದಿದ್ದ ಕಬ್ಬಿಣದ ಕೇಜ್ ವೀಲುಗಳ ಬೋಲ್ಟು ಬಿಚ್ಚುತ್ತಾನೆ. ಮೆತ್ತಿದ ಕೆಸರನ್ನು ಒದ್ದು ಉದುರಿಸಿ, ಅವನ್ನು ಬದುವಿನ ಮೇಲೆ ಮಲಗಿಸಿ, ಬರೀ ರಬ್ಬರ್ ಗಾಲಿಯಲ್ಲಿ ಊರಿನ ಕಡೆ ಹೊರಡುತ್ತಾನೆ. ಕೇಜ್ ವೀಲ್ ಹಾಕಿಕೊಂಡೇ ಡಾಂಬರಿಗೆ ಹತ್ತಿದರೆ ರಸ್ತೆ ಕಿತ್ತು ಬರುತ್ತದೆ, ಬೈಗುಳವೂ ಬೀಳುತ್ತದೆ. ಗದ್ದೆಗೆ ಬೇಕಾದ ಚಕ್ರ ಬೇರೆ, ರಸ್ತೆಗೆ ಬೇಕಾದ ಚಕ್ರ ಬೇರೆ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಅದೇ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಮೈಸೂರಿನ ಕಡೆಯಿಂದ ಬುಲೆಟ್‌ಗಳು ಗುಡುಗುಡು ಎನ್ನುತ್ತಾ ಬರುತ್ತವೆ. ಅವುಗಳಲ್ಲಿ ಒಂದೆರಡಕ್ಕಾದರೂ ಈಗ ಕಂಪನಿ ಕೊಟ್ಟ ಟೈರು ಇರುವುದಿಲ್ಲ. ದಪ್ಪ ದಪ್ಪ ರಬ್ಬರ್ ತುಂಡುಗಳು ಎದ್ದು ನಿಂತ, ನಮ್ಮ ಕಡೆ ಬಟನ್ ಟೈರ್ ಎನ್ನುವ ಟೈರು ಹಾಕಿರುತ್ತಾರೆ. ನೋಡಲು ಗತ್ತು. ಡಾಂಬರಿನ ಮೇಲೆ ಹೋಗುವಾಗ ‘ಗುಂಯ್’ ಎಂಬ ಸದ್ದು. ಈ ಗಾಡಿಯ ಕಷ್ಟವೆಂದರೆ, ರಸ್ತೆಯ ಅಂಚಿನಲ್ಲಿ ನಿಲ್ಲಿಸಿ ಬಿಚ್ಚಿಡುವ ಸವಲತ್ತು ಅದಕ್ಕಿಲ್ಲ. ಒಂದೇ ಜೋಡಿ ಟೈರು ಗದ್ದೆಗೂ ಆಗಬೇಕು, ಹೆದ್ದಾರಿಗೂ ಆಗಬೇಕು.

ಅಂಗೈ ಅಗಲದ ಆಧಾರ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಕೆಸರಿನ ನಿಜವಾದ ರಾಜ ಟಿವಿಎಸ್ ಎಕ್ಸ್‌ಎಲ್. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಮೂಟೆ ಹೇರಿಕೊಂಡು ಎಂಥ ಓಣಿಯಲ್ಲೂ ನುಗ್ಗುತ್ತದೆ. ಅದರ ಟೈರಿಗೆ ಯಾವ ವಿಶೇಷ ಬಟನ್ನೂ ಇಲ್ಲ. ಗುಟ್ಟು ಇರುವುದು ತೂಕದಲ್ಲಿ: ಎಕ್ಸ್‌ಎಲ್ 100 ತೂಗುವುದು 90 ಕೆ.ಜಿ.ಗೂ ಕಡಿಮೆ. ಜಾರಿದರೆ ಕಾಲು ಊರಿ ನಿಲ್ಲಿಸಬಹುದು, ಹೂತರೆ ಇಬ್ಬರು ಸೇರಿ ಎತ್ತಿ ಇಡಬಹುದು. ಬುಲೆಟ್ ಬಳಗದ ಈಗಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೂಗುವುದು 195 ಕೆ.ಜಿ. ಅದು ಒಂದು ಕಡೆ ವಾಲಲು ಶುರುಮಾಡಿದರೆ ತಡೆಯಲು ಹೋದ ಕಾಲಿಗೇ ಪೆಟ್ಟು.

ಲೆಕ್ಕ ಹೀಗಿದೆ. 195 ಕೆ.ಜಿ. ಗಾಡಿ, 75 ಕೆ.ಜಿ. ಸವಾರ, ಒಟ್ಟು 270. ಇದರಲ್ಲಿ ಸುಮಾರು 160 ಕೆ.ಜಿ. ಹಿಂದಿನ ಚಕ್ರದ ಮೇಲೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಟೈರಿನೊಳಗೆ 30 ಪೌಂಡ್ ಗಾಳಿ ಇದ್ದರೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕೆ.ಜಿ. ಒತ್ತಡವಿದ್ದರೆ, ಅಷ್ಟು ಭಾರ ಹೊರಲು ಟೈರು ನೆಲಕ್ಕೆ ತಾಗಬೇಕಾದ ಜಾಗ ಸುಮಾರು 76 ಚದರ ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಅಂಗೈ. ಗಾಡಿ ಮುಂದಕ್ಕೆ ಹೋಗುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಇಂಥ ಎರಡು ಅಂಗೈಗಳ ಮೇಲೆಯೇ.

ಗಟ್ಟಿ ಡಾಂಬರಿನ ಮೇಲೆ ಆ ಅಂಗೈ ತುಂಬ ರಬ್ಬರೇ ಇದ್ದರೆ ಒಳ್ಳೆಯದು. ಅದಕ್ಕೇ ರಸ್ತೆ ಟೈರಿನಲ್ಲಿ ಕೊರಕಲು ಕಡಿಮೆ. ಇರುವ ಕೊರಕಲುಗಳ ಕೆಲಸ ಮಳೆನೀರನ್ನು ಪಕ್ಕಕ್ಕೆ ತಳ್ಳುವುದು. ಮೆತ್ತನೆಯ ಮಣ್ಣಿನ ಕಥೆ ಬೇರೆ. ಅಲ್ಲಿ ಹಿಡಿತ ಬರುವುದು ರಬ್ಬರು ನೆಲಕ್ಕೆ ಉಜ್ಜುವುದರಿಂದ ಮಾತ್ರವಲ್ಲ. ಬಟನ್ನು ಮಣ್ಣಿನೊಳಗೆ ಇಳಿದು, ತನ್ನ ಹಿಂದಿರುವ ಮಣ್ಣಿನ ಗೋಡೆಯನ್ನು ಒದ್ದು ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಓರೆ ಪಟ್ಟಿಗಳು ಮಾಡುವುದೂ ಇದನ್ನೇ, ಕೇಜ್ ವೀಲಿನ ಕಬ್ಬಿಣದ ಪಟ್ಟಿಗಳು ಮಾಡುವುದೂ ಇದನ್ನೇ. ಬಟನ್ ಟೈರಿನಲ್ಲಿ ಬಟನ್ನಿಗಿಂತ ಬಟನ್ನುಗಳ ನಡುವಿನ ಖಾಲಿ ಜಾಗಕ್ಕೇ ಹೆಚ್ಚು ಬೆಲೆ. ಮಣ್ಣು ಅಲ್ಲಿಗೆ ಹೋಗಬೇಕು, ಚಕ್ರ ತಿರುಗಿದಂತೆ ಅಲ್ಲಿಂದ ಸಿಡಿದು ಬೀಳಲೂ ಬೇಕು.

ಸಿಡಿದು ಬೀಳದಿದ್ದರೆ? ಆ ಪ್ರಶ್ನೆಗೆ ಉತ್ತರ ಕೊಡುವುದು ಟೈರಲ್ಲ, ಊರಿನ ಮಣ್ಣು.

ಹಲವು ಊರು, ಮೂರು ಬಗೆಯ ಕೆಸರು

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ ಇರುವುದು ಮರಳು ಬೆರೆತ ಹಗುರ ಕೆಂಪು ಮಣ್ಣು. ಈ ಸೀಮೆಯ ವರ್ಜೀನಿಯಾ ಸೊಪ್ಪನ್ನು ವ್ಯಾಪಾರದವರು ‘ಕರ್ನಾಟಕ ಲೈಟ್ ಸಾಯಿಲ್’ ಎಂದು ಮಣ್ಣಿನ ಹೆಸರಿನಲ್ಲೇ ಗುರುತಿಸುತ್ತಾರೆ. ನೀರು ಬೇಗ ಇಂಗುವ ಈ ಮಣ್ಣು ಬಟನ್ ಟೈರಿಗೆ ಹೇಳಿ ಮಾಡಿಸಿದ್ದು. ಮಳೆ ಬಿದ್ದ ಕೂಡಲೇ ಮೇಲ್ಪದರ ಎಣ್ಣೆ ಸವರಿದಂತೆ ಜಾರುತ್ತದೆ, ಕೆಳಗೆ ಮಾತ್ರ ಗಟ್ಟಿ ನೆಲ ಇರುತ್ತದೆ. ರಸ್ತೆ ಟೈರು ಆ ಎಣ್ಣೆಯ ಮೇಲೇ ತೇಲುತ್ತದೆ. ಬಟನ್ನು ಅದನ್ನು ಸೀಳಿ ಕೆಳಗಿನ ಗಟ್ಟಿಗೆ ಊರುತ್ತದೆ. ಇಂಥ ಕಡೆ ಅಗಲ ಟೈರಿಗಿಂತ ಕಿರಿದಾದ ಟೈರೇ ವಾಸಿ. ಸೊಪ್ಪು ಮುರಿಯುವ ಜುಲೈ, ಆಗಸ್ಟಿನಲ್ಲಿ ಹೊಲದಿಂದ ಬ್ಯಾರನ್ನಿಗೆ, ಅಂದರೆ ಬೇಯಿಸುವ ಮನೆಗೆ, ಸೊಪ್ಪು ಹೊತ್ತ ಟ್ರ್ಯಾಕ್ಟರುಗಳು ಓಡಾಡಿ ಓಣಿಯಲ್ಲಿ ಎರಡು ಆಳದ ಜಾಡು ಬಿದ್ದಿರುತ್ತದೆ. ಒಮ್ಮೆ ಆ ಜಾಡಿಗೆ ಇಳಿದ ಮುಂದಿನ ಚಕ್ರ ಹೊರಗೆ ಬರಬೇಕಾದರೆ ಅಂಚಿನ ಬಟನ್ನುಗಳು ಜಾಡಿನ ಗೋಡೆಯನ್ನು ಹಿಡಿದು ಹತ್ತಬೇಕು. ನುಣುಪಾದ ಅಂಚಿನ ಟೈರು ಗೋಡೆಗೆ ಉಜ್ಜಿಕೊಂಡೇ ಹೋಗಿ ಸವಾರನನ್ನು ಕೆಡವುತ್ತದೆ.

ಕೆ.ಆರ್. ನಗರ, ಸಾಲಿಗ್ರಾಮದ ಕಡೆ ಕಾವೇರಿ ಬಯಲು. ಭತ್ತ, ಕಬ್ಬು, ನಾಲೆ ಏರಿ. ಗದ್ದೆಯಂಚಿನ ಜೇಡಿಮಣ್ಣು ಟೈರಿಗೆ ಅಂಟಿಕೊಂಡು ಬರುತ್ತದೆ. ಬಟನ್ನುಗಳ ನಡುವೆ ಹೆಚ್ಚು ಸಂದು ಇದ್ದು, ಚಕ್ರ ತಕ್ಕಷ್ಟು ವೇಗವಾಗಿ ತಿರುಗಿದರೆ ಸಿಡಿದು ಹೋಗುತ್ತದೆ. ನಿಧಾನಕ್ಕೆ ಹೋದರೆ ಮೆತ್ತಿಕೊಳ್ಳುತ್ತದೆ. ಇಲ್ಲಿ ಭಾರದ ಗಾಡಿಗೆ ದೊಡ್ಡ ಶತ್ರು ಟೈರಲ್ಲ, ಮಡ್‌ಗಾರ್ಡು. ಬುಲೆಟ್ಟಿನ ಮುಂದಿನ ಮಡ್‌ಗಾರ್ಡು ಟೈರನ್ನು ಅಪ್ಪಿಕೊಂಡಂತೆ ಇರುತ್ತದೆ. ಎತ್ತರದ ಬಟನ್ ಟೈರು ಹಾಕಿದರೆ ಆ ಸಂದು ಇನ್ನೂ ಕಿರಿದಾಗುತ್ತದೆ. ಜೇಡಿ ಅದರೊಳಗೆ ತುಂಬಿ, ನಾರು ಹುಲ್ಲು ಸೇರಿಕೊಂಡು, ಚಕ್ರವೇ ಕಚ್ಚಿ ನಿಲ್ಲುತ್ತದೆ. ಕೆಸರಿಗೆಂದೇ ಕಟ್ಟಿದ ಗಾಡಿಗಳಲ್ಲಿ ಮುಂದಿನ ಮಡ್‌ಗಾರ್ಡನ್ನು ಚಕ್ರದಿಂದ ಗೇಣುದ್ದ ಮೇಲಕ್ಕೆ ಕೊಕ್ಕಿನಂತೆ ಇಡುವುದಕ್ಕೆ ಇದೇ ಕಾರಣ.

ಮೂರನೆಯದು ಎಚ್.ಡಿ. ಕೋಟೆ, ಸರಗೂರು ಕಡೆಯ ಹತ್ತಿ ಬೆಳೆಯುವ ಎರೆಭೂಮಿ. ನೀರು ಕುಡಿದರೆ ಹಿಗ್ಗುವ, ಒಣಗಿದರೆ ಬಿರಿಯುವ ಮಣ್ಣು. ಒದ್ದೆ ಎರೆಮಣ್ಣು ಹತ್ತು ಸುತ್ತಿನಲ್ಲಿ ಬಟನ್ನುಗಳ ಸಂದನ್ನೆಲ್ಲ ಮುಚ್ಚಿ, ದುಬಾರಿ ಟೈರನ್ನು ಮಣ್ಣಿನದೇ ಒಂದು ನುಣ್ಣನೆಯ ಉರುಳೆಯನ್ನಾಗಿ ಮಾಡುತ್ತದೆ. ಆಮೇಲೆ ಬಟನ್ ಟೈರಿಗೂ ಬೋಳು ಟೈರಿಗೂ ವ್ಯತ್ಯಾಸವಿಲ್ಲ. ಇದಕ್ಕೆ ಯಾವ ಕಂಪನಿಯಲ್ಲೂ ಮದ್ದಿಲ್ಲ. ಸ್ಥಳೀಯರು ಮಾಡುವುದನ್ನೇ ಮಾಡಬೇಕು: ಬಿಸಿಲು ಬಂದು ಮೇಲ್ಪದರ ಹೆಪ್ಪುಗಟ್ಟುವ ತನಕ ಕಾಯಬೇಕು, ಇಲ್ಲವೇ ಹುಲ್ಲಿರುವ ಬದುವಿನ ಮೇಲೆ ಹೋಗಬೇಕು.

ಇದೇ ಕಡೆಯ ಬಗ್ಗೆ ಇನ್ನೊಂದು ಮಾತು. ನಾಗರಹೊಳೆ, ಬಂಡೀಪುರದ ಅಂಚಿನ ಮಣ್ಣು ದಾರಿಗಳೆಲ್ಲ ಬಟನ್ ಟೈರು ಇದ್ದವರಿಗೆ ತೆರೆದಿಟ್ಟ ಬಾಗಿಲಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದೇ ಅಪರಾಧ. ಅಂತರಸಂತೆ, ಬಾವಲಿ ಮೂಲಕ ಮಾನಂದವಾಡಿಗೆ ಹೋಗುವಂಥ ಸಾರ್ವಜನಿಕ ರಸ್ತೆಗೂ ರಾತ್ರಿ ಗೇಟು ಬೀಳುತ್ತದೆ.

ಟೈರಿನ ಮೈಮೇಲೆ ಬರೆದದ್ದು

ಮಣ್ಣು ಗೊತ್ತಾದ ಮೇಲೆ ಅಂಗಡಿ. ಅಲ್ಲಿ ಬಟನ್ನಿನ ಚೆಂದ ನೋಡುವ ಮೊದಲು ಟೈರಿನ ಪಕ್ಕದ ಗೋಡೆಯ ಮೇಲಿನ ಅಕ್ಷರ ಓದಬೇಕು. ಈಗಿನ ಕ್ಲಾಸಿಕ್ 350ರ ಮುಂದಿನ ಟೈರು 100/90-19, ಹಿಂದಿನದು 120/80-18. ಮೊದಲ ಸಂಖ್ಯೆ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ನೂರಕ್ಕೆ ಎಷ್ಟು ಪಾಲು ಎತ್ತರ ಎಂಬುದು. ಮೂರನೆಯದು ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ.

‘ಸ್ವಲ್ಪ ದೊಡ್ಡದು ಹಾಕಿದರೆ ಏನಾಗುತ್ತೆ’ ಎಂಬುದು ಎಲ್ಲರ ಪ್ರಶ್ನೆ. 120/80-18 ಟೈರಿನ ಪೂರ್ತಿ ಅಡ್ಡಳತೆ ಸುಮಾರು 649 ಮಿ.ಮೀ. ಅದರ ಬದಲು 120/90-18 ಹಾಕಿದರೆ 673 ಮಿ.ಮೀ. ಗಾಡಿಯ ಹಿಂಭಾಗ 12 ಮಿ.ಮೀ. ಏರುತ್ತದೆ. ಚಕ್ರದ ಒಂದು ಸುತ್ತಿಗೆ ಗಾಡಿ ಶೇ 3.7ರಷ್ಟು ಹೆಚ್ಚು ದೂರ ಹೋಗುತ್ತದೆ, ಎಂಜಿನ್ನಿಗೆ ಅಷ್ಟರಮಟ್ಟಿಗೆ ಏರು ಹತ್ತುವುದು ಕಷ್ಟವಾಗುತ್ತದೆ. ಸ್ವಿಂಗ್ ಆರ್ಮ್ ಸಂದು, ಮಡ್‌ಗಾರ್ಡಿನ ಒಳಮೈ ಎರಡೂ ಕಡೆ ಜಾಗ ಕಡಿಮೆಯಾಗುತ್ತದೆ. ವೇಗ ಹೆಚ್ಚಿದಾಗ ಟೈರು ಇನ್ನಷ್ಟು ಹಿಗ್ಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಅಳತೆಯ ಪಕ್ಕದಲ್ಲಿ ‘62ಪಿ’ ಎಂಬಂಥ ಒಂದು ಗುರುತು ಇರುತ್ತದೆ. ಹೆಚ್ಚಿನವರು ನೋಡದೆ ಬಿಡುವುದು ಇದನ್ನೇ. 62 ಎಂದರೆ ಆ ಟೈರು ಹೊರಬಲ್ಲ ಭಾರ 265 ಕೆ.ಜಿ., 57 ಎಂದರೆ 230 ಕೆ.ಜಿ., 51 ಎಂದರೆ 195 ಕೆ.ಜಿ. ‘ಪಿ’ ಎಂದರೆ ಗಂಟೆಗೆ 150 ಕಿ.ಮೀ. ತನಕ ತಡೆಯುತ್ತದೆ ಎಂದು, ‘ಎಂ’ ಎಂದರೆ 130. ಭಾರದ ಗಾಡಿಗೆ ಇದು ಜೀವದ ಲೆಕ್ಕ. 195 ಕೆ.ಜಿ. ಬೈಕು, ಮುಂದೊಬ್ಬ, ಹಿಂದೊಬ್ಬರು, ಇಪ್ಪತ್ತೈದು ಕೆ.ಜಿ. ಸಾಮಾನು ಎಂದರೆ ಒಟ್ಟು 360ರ ಹತ್ತಿರ. ಹಿಂದಿನ ಚಕ್ರಕ್ಕೆ 230 ಕೆ.ಜಿ. ದಾಟುತ್ತದೆ. ಹಗುರ ಡರ್ಟ್ ಬೈಕಿಗೆಂದು ಮಾಡಿದ 51ರ ಟೈರನ್ನು ಅಗ್ಗವೆಂದು ತಂದು ಹಾಕಿದರೆ, ಅದು ಪ್ರತಿ ಗುಂಡಿಯಲ್ಲೂ ತಾಳುವ ಮಿತಿ ಮೀರಿ ಹೊರುತ್ತಿರುತ್ತದೆ.

ಇನ್ನೊಂದು ಬಲೆ ಇದೆ. ಮೋಟೊಕ್ರಾಸ್ ಬೈಕುಗಳ ಹಿಂದಿನ ಚಕ್ರ 19 ಇಂಚಿನದು. ಅವಕ್ಕೆ ಸಿಗುವ ಟೈರಿನ ಒಂದು ಅಳತೆ ಸರಿಯಾಗಿ 100/90-19. ಸಂಖ್ಯೆ ಕ್ಲಾಸಿಕ್ಕಿನ ಮುಂದಿನ ಟೈರಿಗೆ ಹೊಂದುತ್ತದೆ, ಟೈರು ಹೊಂದುವುದಿಲ್ಲ. ಹಿಂದಿನ ಚಕ್ರದ ಬಟನ್ನುಗಳನ್ನು ತಳ್ಳುವುದಕ್ಕೆಂದು ಜೋಡಿಸಿರುತ್ತಾರೆ, ಮುಂದಿನ ಚಕ್ರದ ಬಟನ್ನುಗಳನ್ನು ತಿರುಗಿಸುವುದಕ್ಕೂ ನಿಲ್ಲಿಸುವುದಕ್ಕೂ. ಮೇಲಾಗಿ ಅಂಥ ಟೈರಿನ ಮೇಲೆ ಹೆದ್ದಾರಿಗೆ ಬಳಸಬಾರದೆಂದು ಬರೆದೇ ಇರುತ್ತದೆ.

ಹುಟ್ಟಿದ ದಿನಾಂಕವನ್ನೂ ನೋಡಬೇಕು. ಅಂಡಾಕಾರದ ಚೌಕಟ್ಟಿನೊಳಗೆ 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಬಟನ್ ಟೈರಿಗೆ ಗಿರಾಕಿ ಕಡಿಮೆ, ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಕೂತ ಸರಕು ಇದ್ದೀತು.

ಪೂರ್ತಿ ಬಟನ್ನೂ ಅಲ್ಲದ, ಪೂರ್ತಿ ರಸ್ತೆಯದೂ ಅಲ್ಲದ ನಡುವಿನ ಟೈರುಗಳೂ ಇವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಜೊತೆ ಬರುತ್ತಿದ್ದ ಸಿಯೆಟ್ ಗ್ರಿಪ್ ಎಕ್ಸ್‌ಎಲ್, ಎಂಆರ್‌ಎಫ್ ಮೋಗ್ರಿಪ್ ಮೀಟಿಯರ್ ಈ ಜಾತಿಯವು. ಕಾಂಟಿನೆಂಟಲ್ ಟಿಕೆಸಿ 80 ಮಣ್ಣಿನ ಕಡೆಗೆ ಇನ್ನೊಂದು ಹೆಜ್ಜೆ ಮುಂದಿರುವ ಟೈರು. ಮಾರುವವರು ‘80-20’, ‘50-50’ ಎಂದು ರಸ್ತೆ–ಮಣ್ಣಿನ ಪಾಲು ಹೇಳುತ್ತಾರೆ. ಇದು ಕಂಪನಿಯ ಮಾತು, ಸರ್ಕಾರದ ಅಳತೆಗೋಲಲ್ಲ. ಆದರೆ ಸವಾರ ತನ್ನ ಓಡಾಟಕ್ಕೆ ಇದನ್ನು ಹೊಂದಿಸಿ ನೋಡಬಹುದು. ಮೈಸೂರಿನಿಂದ ಹುಣಸೂರಿಗೆ 45 ಕಿ.ಮೀ. ಹೆದ್ದಾರಿ, ಅಲ್ಲಿಂದ ತೋಟಕ್ಕೆ 10 ಕಿ.ಮೀ. ಮಣ್ಣು ದಾರಿ. ಹೋಗಿ ಬಂದರೆ 110 ಕಿ.ಮೀ., ಅದರಲ್ಲಿ ಮಣ್ಣು 20. ತಾನು ಭಾರಿ ಮಣ್ಣಿನ ಸವಾರ ಎಂದುಕೊಂಡವನ ಲೆಕ್ಕವೂ 80-20ರ ಹತ್ತಿರವೇ ಬಂದು ನಿಲ್ಲುತ್ತದೆ.

ಕ್ಯಾಂಬರ್ಲಿಯಿಂದ ಯಾದವಗಿರಿಗೆ

ರಸ್ತೆ ಗಾಡಿಯನ್ನು ಮಣ್ಣಿಗೆ ಇಳಿಸುವ ಹುಚ್ಚಿಗೆ ನೂರು ವರ್ಷ ದಾಟಿದೆ. ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ 1924ರ ಮಾರ್ಚಿನಲ್ಲಿ ನಡೆದ ಕೆಸರಿನ ಓಟದಿಂದ ‘ಸ್ಕ್ರ್ಯಾಂಬಲ್’ ಎಂಬ ಹೆಸರೇ ಹುಟ್ಟಿಕೊಂಡಿತು. ಆಗ ಮಣ್ಣಿಗೆಂದು ಬೇರೆ ಬೈಕು ಇರಲಿಲ್ಲ. ಇದ್ದ ಗಾಡಿಯ ದೀಪ, ಮಡ್‌ಗಾರ್ಡು ಕಿತ್ತು, ಒರಟು ಟೈರು ಹಾಕಿಕೊಂಡು ಇಳಿಯುತ್ತಿದ್ದರು. 1980ರಲ್ಲಿ ಬಿಎಂಡಬ್ಲ್ಯು ‘ಆರ್ 80 ಜಿ/ಎಸ್’ ಎಂಬ ಭಾರದ ಬೈಕನ್ನು ತಂದಾಗ, ಆ ಎರಡು ಅಕ್ಷರಗಳ ಅರ್ಥವೇ ಜರ್ಮನ್ ಭಾಷೆಯಲ್ಲಿ ‘ಕಾಡುಮೇಡು’ ಮತ್ತು ‘ರಸ್ತೆ’ ಎಂದಿತ್ತು. ನಡುವಿನ ಓರೆಗೆರೆಯಲ್ಲಿ ಎರಡರ ರಾಜಿಯೂ ಇತ್ತು.

ಮೈಸೂರಿಗೆ ಈ ಕಥೆ ಹೊರಗಿನದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಈ ಕಾರ್ಖಾನೆಯ ಗಾಡಿಗಳೇ ಹುಣಸೂರು, ಪಿರಿಯಾಪಟ್ಟಣದ ಅದೆಷ್ಟೋ ಮನೆಗಳ ಮೊದಲ ಮೋಟರ್ ಸೈಕಲ್. ಹಳೆಯ ಜಾವಾ 250ರ ಚಕ್ರ ಬರೀ 16 ಇಂಚಿನದು, ಟೈರೋ ಮೂರೂಕಾಲು ಇಂಚು. ಆದರೂ ಅದು ಈಗಿನ ಕ್ಲಾಸಿಕ್ಕಿಗಿಂತ ಬಹಳ ಹಗುರವಾಗಿದ್ದರಿಂದ ಕೆಸರಿನಲ್ಲಿ ತಳ್ಳಿಕೊಂಡು ದಾಟಿಸಬಹುದಿತ್ತು. ಇದೇ ನಗರದಲ್ಲಿ ಟೈರುಗಳೂ ತಯಾರಾಗುತ್ತಿದ್ದವು: ವಿಕ್ರಾಂತ್ ಕಾರ್ಖಾನೆ ಮುಂದೆ ಜೆಕೆ ಟೈರ್ ಕೈಗೆ ಹೋಯಿತು. ಮೇಟಗಳ್ಳಿಯ ಫಾಲ್ಕನ್ ಕಾರ್ಖಾನೆ ದ್ವಿಚಕ್ರ ವಾಹನಗಳ ಟೈರನ್ನು ಡನ್‌ಲಪ್ ಹೆಸರಿನಲ್ಲಿ ದೇಶಕ್ಕೆಲ್ಲ ಕೊಡುತ್ತಿತ್ತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ, ಅದರ ‘ಅಡ್ವೆಂಚರ್’ ಮಾದರಿಗೆ ಮುಂದೆ 21 ಇಂಚಿನ ದೊಡ್ಡ ಚಕ್ರ ಸಿಕ್ಕಿತ್ತು. ದೊಡ್ಡ ಚಕ್ರ ಗುಂಡಿಗೆ ಬೀಳುವ ಬದಲು ಅದರ ಅಂಚನ್ನು ಉರುಳಿ ದಾಟುತ್ತದೆ. ಟೈರು ಮಾತ್ರ ಬದಲಿಸಿದ ಬುಲೆಟ್ಟಿಗೆ ಈ ಅನುಕೂಲ ಸಿಗುವುದಿಲ್ಲ.

ಮಣ್ಣಿನಲ್ಲಿ ಓಡಿಸುವುದನ್ನೇ ವಿದ್ಯೆಯಾಗಿ ಕಲಿತವರೂ ಈ ರಾಜ್ಯದಲ್ಲಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ಅವರು ಓಡಿಸಿದ್ದು ಮಣ್ಣಿಗೆಂದೇ ಹುಟ್ಟಿದ ಹಗುರ ಬೈಕುಗಳನ್ನು ಎಂಬುದನ್ನು ಬುಲೆಟ್ಟಿಗೆ ಬಟನ್ ಹಾಕಿಸುವವರು ನೆನಪಿಡಬೇಕು.

ಪಂಕ್ಚರ್ ಅಂಗಡಿಯ ಅರ್ಧ ಗಂಟೆ

ಕಡ್ಡಿ ಚಕ್ರದ ಬುಲೆಟ್ಟಿಗೆ ಟೈರಿನೊಳಗೆ ಟ್ಯೂಬು ಇರುತ್ತದೆ. ಬಟನ್ ಟೈರಿನ ಗೋಡೆ ಗಡುಸು, ರಿಮ್ಮಿಗೆ ಹತ್ತಿಸುವುದು ತ್ರಾಸ. ಲಿವರಿನ ತುದಿಗೆ ಸಿಕ್ಕಿ ಹೊಸ ಟ್ಯೂಬೇ ಹರಿಯುವುದು ಹೊಸತೇನಲ್ಲ. ಅದಕ್ಕೇ ನುರಿತ ಕೈಗಳು ಟೈರನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿಕೊಂಡು, ಟ್ಯೂಬಿಗೆ ಚೂರು ಗಾಳಿ ತುಂಬಿ ದುಂಡಗೆ ಮಾಡಿ, ಪೌಡರ್ ಹಾಕಿ ಒಳಗೆ ಕೂರಿಸುತ್ತಾರೆ. ಟೈರಿನ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೆ ಇರಬೇಕು. ರಿಮ್ಮಿನ ಅಂಚಿನ ಸುತ್ತ ಟೈರಿನ ಮೇಲೊಂದು ಸಣ್ಣ ಗೆರೆ ಕಾಣುತ್ತದೆ. ಅದು ಎಲ್ಲ ಕಡೆ ಸಮನಾಗಿ ಕಂಡರೆ ಟೈರು ನೆಟ್ಟಗೆ ಕೂತಿದೆ ಎಂದರ್ಥ.

ಖರ್ಚು ಉಳಿಸಲು ಹಿಂದಿನ ಚಕ್ರಕ್ಕೆ ಮಾತ್ರ ಬಟನ್ ಹಾಕಿಸುವವರು ಬಹಳ. ಹಿಂದಿನ ಚಕ್ರ ಜಾರಿದರೆ ಗಾಡಿ ಬಾಲ ಅಲ್ಲಾಡಿಸುತ್ತದೆ, ಸಂಭಾಳಿಸಬಹುದು. ಮುಂದಿನದು ಜಾರಿದರೆ ಸಂಭಾಳಿಸಲು ಸಮಯವೇ ಇರುವುದಿಲ್ಲ. ಒಂದೇ ಟೈರಿಗೆ ದುಡ್ಡಿದ್ದರೆ ಇಬ್ಬಗೆಯ ಗಾಡಿ ಮಾಡಿಕೊಳ್ಳುವ ಬದಲು ತುಸು ಕಾದು ಜೋಡಿಯನ್ನೇ ಹಾಕಿಸುವುದು ಲೇಸು.

ಗಾಳಿಯದು ಸೂಕ್ಷ್ಮ ವಿಷಯ. 30 ಪೌಂಡನ್ನು 22ಕ್ಕೆ ಇಳಿಸಿದರೆ ಆ 76 ಚದರ ಸೆಂಟಿಮೀಟರಿನ ಅಂಗೈ 100 ದಾಟುತ್ತದೆ. ಸಡಿಲ ಜಲ್ಲಿಯ ಮೇಲೆ, ಮೆತ್ತನೆಯ ಮಣ್ಣಿನ ಮೇಲೆ ಗಾಡಿ ಕೂಡಲೇ ಹದಕ್ಕೆ ಬಂದದ್ದು ಸವಾರನಿಗೆ ಗೊತ್ತಾಗುತ್ತದೆ. ಇನ್ನೂ ಇಳಿಸಿದರೆ ಭಾರದ ಗಾಡಿ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತಾಗುತ್ತವೆ. ಮತ್ತೆ ಡಾಂಬರಿಗೆ ಹತ್ತುವ ಮೊದಲು ಗಾಳಿ ಮೊದಲಿನಷ್ಟಕ್ಕೆ ಬರಲೇಬೇಕು. ಸೀಟಿನ ಕೆಳಗೊಂದು ಕೈಪಂಪು ಇಲ್ಲದವರು ಗಾಳಿ ಇಳಿಸುವ ಸಾಹಸಕ್ಕೆ ಹೋಗದಿರುವುದೇ ವಾಸಿ.

ಡಾಂಬರು ವಸೂಲಿ ಮಾಡುವ ಬಾಕಿ

ಇಷ್ಟೆಲ್ಲ ಆದ ಮೇಲೆ ಪಿರಿಯಾಪಟ್ಟಣದಿಂದ ಮೈಸೂರಿನ ಕಡೆ ಹೆದ್ದಾರಿ ಹಿಡಿದಾಗ ಲೆಕ್ಕ ತಿರುಗುತ್ತದೆ. ಈಗ ಅಂಗೈಯಲ್ಲಿ ರಬ್ಬರಿಗಿಂತ ಸಂದೇ ಹೆಚ್ಚು. ತಿರುವಿನಲ್ಲಿ ವಾಲಿಸಿದರೆ ಬಟನ್ನುಗಳು ಬಾಗಿ, ಗಾಡಿ ತೂಗಿದಂತಾಗುತ್ತದೆ. ಒದ್ದೆ ಡಾಂಬರಿನಲ್ಲಿ, ಬಿಳಿ ಬಣ್ಣದ ಪಟ್ಟೆಗಳ ಮೇಲೆ ಬ್ರೇಕು ಹಿಡಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಇನ್ನೂರು ಕೆ.ಜಿ.ಯ ಹತ್ತಿರ ಇರುವ ಗಾಡಿಗೆ ಈ ಹೆಚ್ಚುವರಿ ದೂರ ಸಣ್ಣದಲ್ಲ. 125 ಸಿಸಿ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಅದು ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಸಡಿಲ ಜಲ್ಲಿಯ ಇಳಿಜಾರಿನಲ್ಲಂತೂ ಎಬಿಎಸ್ ಮತ್ತೆ ಮತ್ತೆ ಬ್ರೇಕು ಬಿಡಿಸಿ ಗಾಡಿಯನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಹಿಮಾಲಯನ್‌ನಲ್ಲಿ ಹಿಂದಿನ ಚಕ್ರದ ಎಬಿಎಸ್ ಆರಿಸುವ ಗುಂಡಿ ಕೊಟ್ಟದ್ದು ಇದಕ್ಕಾಗಿಯೇ.

ಬಿಸಿ ಡಾಂಬರು ಮೆತ್ತನೆಯ ಬಟನ್ನುಗಳನ್ನು ಬೇಗ ತಿನ್ನುತ್ತದೆ, ಹಿಂದಿನ ಚಕ್ರದ ನಡುಸಾಲನ್ನು ಎಲ್ಲಕ್ಕಿಂತ ಮೊದಲು. ದ್ವಿಚಕ್ರ ವಾಹನದ ಟೈರಿನ ಕೊರಕಲು 0.8 ಮಿ.ಮೀ.ಗಿಂತ ಕಡಿಮೆಯಾದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಸ್ತೆಗೆ ಇಳಿಸುವಂತಿಲ್ಲ. ಬಟನ್ ಟೈರು ಮಣ್ಣಿನಲ್ಲಿ ಕೆಲಸ ನಿಲ್ಲಿಸುವುದು ಅದಕ್ಕೂ ಎಷ್ಟೋ ಮೊದಲೇ, ಬಟನ್ನಿನ ಚೂಪು ಅಂಚು ದುಂಡಗಾದ ದಿನ. ಗಾಡಿಯ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಆದ್ದರಿಂದ ಕಂಪನಿ ಹೇಳಿದ ಅಳತೆಯೊಳಗೇ ಬೇರೆ ಮಾದರಿಯ ಟೈರು ಹುಡುಕುವುದು ಎಲ್ಲ ರೀತಿಯಿಂದಲೂ ಕ್ಷೇಮ.

ಕೆಲವರು ಇದಕ್ಕೆ ಟ್ರ್ಯಾಕ್ಟರಿನವರ ದಾರಿಯನ್ನೇ ಹಿಡಿಯಬಹುದು: ಎರಡು ಜೋಡಿ ಟೈರು, ವರ್ಷಕ್ಕೆ ಎರಡು ಬದಲಾವಣೆ. ಮುಂಗಾರಿನ ಮೊದಲ ಹದ ಮಳೆಗೆ ಬಟನ್ನು, ಹಿಂಗಾರು ಮುಗಿದು ಓಣಿಗಳು ಗಟ್ಟಿಯಾದ ಮೇಲೆ ಮತ್ತೆ ರಸ್ತೆ ಟೈರು. ಬಿಚ್ಚಿದ ಜೋಡಿಯನ್ನು ತೊಳೆದು ಒಣಗಿಸಿ, ಬಿಸಿಲು, ಎಣ್ಣೆ ತಾಗದ ಕಡೆ ಇಡಬೇಕು. ಹೊಗೆಸೊಪ್ಪಿನ ಸೀಮೆಯಲ್ಲಿ ಖಾಲಿ ಬ್ಯಾರನ್ನು ಕಂಡರೆ ಅಲ್ಲೇ ಇಡುವ ಆಸೆಯಾಗುವುದು ಸಹಜ. ಆದರೆ ಸೊಪ್ಪು ಬೇಯಿಸುವಾಗ ಅದರೊಳಗಿನ ಬಿಸಿ ಕೊನೆಗೆ 70 ಡಿಗ್ರಿಯ ತನಕ ಏರುತ್ತದೆ. ಒಲೆ ಹಚ್ಚುವ ಮೊದಲು ಮರೆಯದೆ ಹೊರಗೆ ತೆಗೆಯುವ ಭರವಸೆ ಇಲ್ಲದವರು ಟೈರುಗಳನ್ನು ಕೊಟ್ಟಿಗೆಯ ನೆರಳಿಗೆ, ಒಣಗಿದ ಕೆಸರು ಇನ್ನೂ ಅಂಟಿರುವ ಕೇಜ್ ವೀಲುಗಳ ಪಕ್ಕಕ್ಕೆ, ಒರಗಿಸಿ ಇಡುವುದು ಒಳ್ಳೆಯದು.